ಹ್ಯಾಗ್ ಲೇನಿನ ಮೇಲಿಂದ ಕಾಣುವುದು

ಗ್ಲೆಂಡಾ ಕೊನೆಯ ಬೋಲ್ಟನ್ನು ಬಿಗಿದು, ಟ್ರೇಲರನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದಳು. ಎಲ್ಲೂ ಕಟಕಟ ಅನ್ನಲಿಲ್ಲ.

"ತಡೆಯತ್ತಾ?" ಮಾಂಸದಂಗಡಿಯ ರೋಲಂಡ್ ಶೆಡ್ಡಿನ ಬಾಗಿಲಲ್ಲಿ ನಿಂತು ಕರಿ ಕೋಟಿನ ಗುಂಡಿ ಹಾಕಲು ಹೆಣಗುತ್ತಿದ್ದ.

"ಕ್ಲೆಮ್‌ನ ತಡೆಯತ್ತೆ. ನಿನ್ನನ್ನಾಗಿದ್ರೆ ಇನ್ನೆರಡು ಚಕ್ರ ಬೇಕಾಗ್ತಿತ್ತು."

"ನಗು, ನಗು. ಹಿಂದಿನ ಸೀಟಲ್ಲಿ ಕೂತು ತುಳಿಯೋನು ನಾನೇ ತಾನೇ." ಅವನು ಒಳಗೆ ಬಂದು ಬೆತ್ತದ ಶವಪೆಟ್ಟಿಗೆಯನ್ನು ಬೆರಳಿಂದ ಸವರಿದ. "ಪೆಟ್ಟಿಗೆ ತುಂಬ ತೂತೇ. ಮುದುಕ ಮೆಚ್ಚಿಕೊಳ್ತಿದ್ದ ಬಿಡು."

ಏರು ಹತ್ತುವ ಪಂದ್ಯಕ್ಕೆ ಹೋಗುವವರು ಸೈಕಲ್ಲಿನ ತೂಕ ಇಳಿಸಲು ಬ್ರೇಕಿನ ಹಿಡಿಗೂ ಸೀಟಿನ ಕಂಬಕ್ಕೂ ತೂತು ಕೊರೆಸಿಕೊಳ್ಳುತ್ತಿದ್ದದ್ದು ಈ ಶೆಡ್ಡಿನಲ್ಲೇ. ಬಸ್ ಡಿಪೋದಲ್ಲಿ ಹಗಲೆಲ್ಲ ದುಡಿದು ಬಂದ ಕ್ಲೆಮ್ ಆಗ್ಡೆನ್ ಸಂಜೆ ಇಲ್ಲಿ ಕೂರುತ್ತಿದ್ದ. ಯಾರೋ ಎಸೆದ, ಯಾರೋ ಮಾರಿದ ಹಳೆಯ ಸೈಕಲ್ಲುಗಳನ್ನು ಹೊತ್ತು ತರಲೆಂದೇ ಅವನು ಈ ಟ್ರೇಲರ್ ಮಾಡಿದ್ದ. ಇವತ್ತು ಅದರ ಮೇಲೆ ಅವನೇ ಹೋಗಬೇಕಿತ್ತು.

ಶವವಾಹನದ ಹಾರ್ಗ್ರೀವ್ ಟೋಪಿ ತೆಗೆದು ಒಳಗೆ ಇಣುಕಿದ. "ಇನ್ನೊಂದ್ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಗಾಡಿ ಹ್ಯಾಗ್ ಲೇನ್ ಹತ್ತಲ್ಲ. ಎರಡನೇ ತಿರುವಲ್ಲಿ ಹೊಟ್ಟೆ ಕಲ್ಲಿಗೆ ಉಜ್ಜತ್ತೆ. ದೊಡ್ಡ ರಸ್ತೇಲಿ ಸುತ್ತಿ ಬಂದು ಮೇಲೆ ಕಾಯ್ತೀನಿ. ಹನ್ನೊಂದೂವರೆ. ಅಷ್ಟೊತ್ತಿಗೆ ನೀವು ಬರ್ಲಿಲ್ಲ ಅಂದ್ರೆ ಚಿತಾಗಾರದಲ್ಲಿ ಸರದಿ ತಪ್ಪತ್ತೆ. ಮುಂದಿನದು ಬುಧವಾರ."

"ಬರ್ತೀವಿ," ಅಂದಳು ಎನಿಡ್. ಕ್ಲೆಮ್‌ನ ಹೆಂಡತಿ. ಎಂಬತ್ತೊಂದು ವಯಸ್ಸು, ಕೈಯಲ್ಲಿ ಟೀ ತಟ್ಟೆ. "ಐವತ್ತು ವರ್ಷ ಆ ಏರಿನ ಬುಡದಲ್ಲೇ ನಿಂತಿದ್ದ. ಒಂದ್ಸಲ ಹತ್ತಲಿ."

"ಕಾರಲ್ಲಿ ಯಾವತ್ತು ಬೇಕಾದ್ರೂ ಹೋಗಬಹುದಿತ್ತಲ್ಲಮ್ಮ?"

"ಕಾರಲ್ಲಿ ಹೋದ್ರೆ ಹತ್ತಿದ ಹಾಗಾ, ಅಂತಿದ್ದ. ಮೊಂಡ."

ಎಲ್ಲರೂ ನಕ್ಕರು. ಗ್ಲೆಂಡಾ ಮಾತ್ರ ಬಗ್ಗಿ, ಬಿಗಿದಿದ್ದ ಬೋಲ್ಟನ್ನೇ ಮತ್ತೆ ಬಿಗಿದಳು. ಅವನನ್ನು ಮೇಲಕ್ಕೆ ಒಯ್ಯುವ ಮೊದಲು ಎನಿಡ್‌ಗೆ ಒಂದು ಮಾತು ಹೇಳಲೇಬೇಕಿತ್ತು. ನಲವತ್ತಾರು ವರ್ಷದಿಂದ ಉಳಿದ ಮಾತು.

*

ಆಗ ಅವಳಿಗೆ ಹದಿನಾರು. ಗಿರಣಿ ಮುಚ್ಚಿ ಅಪ್ಪ ಮನೆಯಲ್ಲಿದ್ದ ಕಾಲ. ಸೈಕಲ್ ಕೇಳುವ ಹಾಗಿರಲಿಲ್ಲ. ಕ್ಲೆಮ್ ಯಾವುದೋ ಕೋಳಿಗೂಡಿನಿಂದ ಒಂದು ಫ್ರೇಮ್ ತಂದ. ಇಪ್ಪತ್ತು ವರ್ಷ ಕೋಳಿಗಳು ಅದರ ಮೇಲೆ ಕೂತು ಮಲಗಿದ್ದವು. ಇಬ್ಬರೂ ಮೂರು ವಾರ ಹಿಕ್ಕೆ ಕೆರೆದ ಮೇಲೆ ಕೆಳಗಿಂದ ಮಾಸಿದ ನೀಲಿ ಹೊರಬಂತು.

"ಕೆಂಪು ಬಣ್ಣ ಹೊಡೆಯೋಣ?" ಅಂದಿದ್ದಳು.

"ಈ ನೀಲಿ ಅದು ದುಡಿದು ಉಳಿಸ್ಕೊಂಡಿದ್ದು ಕಣೇ. ಎಣ್ಣೆ ಹಾಕಿ ಉಜ್ಜು. ಬಳೀಬೇಡ."

ಅಕ್ಟೋಬರಿನ ಭಾನುವಾರ ಹ್ಯಾಗ್ ಲೇನಿನಲ್ಲಿ ಸೈಕಲ್ ಕ್ಲಬ್ಬಿನ ಪಂದ್ಯ. ನಿಮಿಷಕ್ಕೊಬ್ಬರಂತೆ ಹೊರಡಬೇಕು. ಪಾದಗಳನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದಿರುವುದರಿಂದ ನಿಂತ ಸೈಕಲ್ಲನ್ನು ಬೀಳದಂತೆ ಹಿಂದಿನಿಂದ ಒಬ್ಬರು ಹಿಡಿದಿರಬೇಕು. ಅದು ಕ್ಲೆಮ್‌ನ ಕೆಲಸ. ಚಿಕ್ಕಂದಿನ ಜ್ವರ ಅವನ ಎದೆಯನ್ನು ಹಾಳುಮಾಡಿತ್ತು. ಏರು ಹತ್ತಿದರೆ ಸಾಯುತ್ತೀಯೆಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಸೀಟಿನ ಕೆಳಗೆ ಅವನ ಅಂಗೈ ಬಂದು ಕೂತಾಗ ಗ್ಲೆಂಡಾಳ ನಡುಕ ನಿಂತಿತ್ತು.

"ನಾನು ತಳ್ಳಲ್ಲ. ತಳ್ಳೋದು ನಿಯಮಕ್ಕೆ ವಿರುದ್ಧ. ಬಿಡ್ತೀನಿ ಅಷ್ಟೆ. ಉಳಿದದ್ದು ನಿಂದು."

ಕೊನೆಯ ಸವಾರ ಇಳಿದು ಬಂದ ಮೇಲೆ ಅವನು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ ಎಲ್ಲರಿಗೂ ಕೇಳುವುದನ್ನೇ ಅವಳಿಗೂ ಕೇಳಿದ. "ಮೇಲಿಂದ ಏನು ಕಾಣ್ತು?"

ಉಳಿದವರೆಲ್ಲ 'ನನ್ನ ಮುಂದಿನ ಚಕ್ರ' ಎಂದಿದ್ದರು. ಗ್ಲೆಂಡಾ ಮೇಲೆ ಕಲ್ಲುಗೋಡೆ ಹಿಡಿದು ವಾಂತಿ ಮಾಡಿದ್ದಳು, ಕಂಡದ್ದು ಹುಲ್ಲು. ಆದರೆ ಅವನು ಮುಖ ಎತ್ತಿ ಕಾಯುತ್ತಿದ್ದ.

"ಸಮುದ್ರ," ಅಂದುಬಿಟ್ಟಳು.

"ಸಮುದ್ರಾನಾ?"

"ಪಶ್ಚಿಮಕ್ಕೆ. ಬ್ಲ್ಯಾಕ್‌ಪೂಲ್ ಕಡೆ. ಹೊಳೆಯೋ ಒಂದು ಗೆರೆ ಥರ."

ಟೀ ಲೋಟ ತುಂಬಿ ಅವನ ಬೆರಳ ಮೇಲೆ ಸುರಿಯುತ್ತಿತ್ತು. ಅವನಿಗೆ ಗೊತ್ತೇ ಆಗಲಿಲ್ಲ.

*

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಏರಿನ ಬುಡದಲ್ಲಿ ಎಲ್ಲ ಸಿದ್ಧವಾಗಿತ್ತು. ಇಬ್ಬರು ತುಳಿಯುವ ಉದ್ದ ಸೈಕಲ್ಲು, ಅದರ ಹಿಂದೆ ಟ್ರೇಲರ್, ಅದರ ಮೇಲೆ ಕ್ಲೆಮ್. ಕ್ಲಬ್ಬಿನ ಆರು ಜನ ಪೆಟ್ಟಿಗೆಯ ಅಕ್ಕಪಕ್ಕ ಕೈಯಿಟ್ಟು ನಿಂತಿದ್ದರು.

"ಯಾರೂ ತಳ್ಳೋ ಹಾಗಿಲ್ಲ ಮತ್ತೆ," ಅಂದ ರೋಲಂಡ್.

"ತಳ್ತಿಲ್ಲಪ್ಪಾ. ಬೀಳಬಾರ್ದು ಅಂತ ಹಿಡ್ಕೊಂಡಿದೀವಿ."

"ಸ್ವಲ್ಪ ಗಟ್ಟಿಯಾಗೇ ಹಿಡ್ಕೊಳ್ಳಿ."

ಎನಿಡ್ ಹಿಂದೆ ಬಂದು ಕ್ಲೆಮ್ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತಳು. ಗ್ಲೆಂಡಾ ಸೈಕಲ್ಲನ್ನು ರೋಲಂಡನ ಕೈಗೆ ಕೊಟ್ಟು ಅವಳ ಹತ್ತಿರ ಹೋದಳು.

"ಎನಿಡ್, ಮೇಲಿಂದ ಸಮುದ್ರ ಕಾಣಲ್ಲ. ಅವತ್ತು ನಾನು ಸುಳ್ಳು ಹೇಳಿದ್ದೆ. ಪಾಪ, ಕೊನೇವರೆಗೂ ನಂಬಿಕೊಂಡಿದ್ದ."

ಎನಿಡ್ ಅವಳ ಕೋಟಿನ ಮೇಲಿದ್ದ ಗ್ರೀಸನ್ನು ಕರವಸ್ತ್ರದಿಂದ ಒರೆಸತೊಡಗಿದಳು. "ಮಾರನೇ ದಿನಾನೇ ನಕ್ಷೆ ತಂದ. ಅಡುಗೆಮನೆ ಮೇಜಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ. ನಡುವೆ ಇನ್ನೊಂದು ಬೆಟ್ಟ ಅಡ್ಡ ಇದೆ."

"ಗೊತ್ತಿತ್ತಾ? ಏನೂ ಅನ್ಲಿಲ್ವಾ?"

"ಅಂದ. 'ಆ ಹುಡುಗಿ ನನಗೋಸ್ಕರ ಸಮುದ್ರಾನೇ ಹೊತ್ಕೊಂಡು ಬಂದ್ಲು ನೋಡೇ' ಅಂದ. ಆಮೇಲೆ ನಕ್ಷೆ ಮಡಚಿಟ್ಟ. ಮತ್ತೆ ತೆಗೀಲಿಲ್ಲ." ಅವಳು ಕರವಸ್ತ್ರ ಒಳಗಿಟ್ಟಳು. "ಹೋಗು, ಹೊತ್ತಾಯ್ತು. ಸೈಕಲ್ ಹತ್ತು."

ಗ್ಲೆಂಡಾ ಹತ್ತಿ ಕೂತಳು. ಹ್ಯಾಂಡಲ್ ಸರಿಯಾಗಿ ಕಾಣಿಸುತ್ತಿರಲಿಲ್ಲ, ತೋಳಿಂದ ಕಣ್ಣೊರೆಸಿಕೊಂಡಳು. ಹಿಂದಿನಿಂದ ಎನಿಡ್‌ಳ ಧ್ವನಿ ಬಂತು: "ಐದು. ನಾಲ್ಕು. ಮೂರು. ಎರಡು. ಒಂದು." ಆಮೇಲೆ ತುಸು ತಡೆದು, ಪೆಟ್ಟಿಗೆಗೆ ಮಾತ್ರ ಕೇಳುವಷ್ಟು ಸಣ್ಣಗೆ, "ಬಿಡ್ತೀನಿ ಕಣೋ."

ಮೊದಲ ತಿರುವಿಗೇ ರೋಲಂಡ್ ಬೈಯಲು ಶುರುಮಾಡಿದ. ಎರಡನೆಯದರಲ್ಲಿ ಬೈಯುವಷ್ಟು ಉಸಿರು ಉಳಿದಿರಲಿಲ್ಲ. ಚಕ್ರ ಒದ್ದೆ ಎಲೆಗಳ ಮೇಲೆ ಜಾರಿತು, ಮತ್ತೆ ಕಚ್ಚಿಕೊಂಡಿತು. ಹಿಂದೆ ಆರು ಜನರ ಬೂಟುಗಳು ಕಲ್ಲು ಕೆರೆಯುತ್ತಿದ್ದವು. ಯಾರೋ ಕೆಮ್ಮುತ್ತ ನಗುತ್ತಿದ್ದರು. ಗ್ಲೆಂಡಾಳ ತೊಡೆ ಉರಿಯುತ್ತಿತ್ತು. ಅರವತ್ತೆರಡರ ತೊಡೆ, ಆದರೂ ಸೀಟಿನ ಕೆಳಗೆ ಒಂದು ಅಂಗೈ ಇನ್ನೂ ಇದ್ದ ಹಾಗಿತ್ತು.

ಮೇಲೆ, ರಸ್ತೆಗೆ ಬಳಿದ ಬಿಳಿ ಗೆರೆಯ ಪಕ್ಕ ನೆವಿಲ್ ನಿಂತಿದ್ದ. ನಲವತ್ತು ವರ್ಷದಿಂದ ಪಂದ್ಯದಲ್ಲಿ ಸವಾರರ ಸಮಯ ಅಳೆಯುವವನು, ಕೈಯಲ್ಲಿ ಅದೇ ಗಡಿಯಾರ. ಅವನಾಚೆ ಶವವಾಹನ, ಟೋಪಿ ಹಿಡಿದ ಹಾರ್ಗ್ರೀವ್. ಹನ್ನೊಂದೂವರೆಗೆ ಇನ್ನೂ ಆರು ನಿಮಿಷವಿತ್ತು.

ಗೆರೆ ದಾಟಿದ ಕೂಡಲೇ ಗ್ಲೆಂಡಾ ಕಾಲು ಊರಿ ಹ್ಯಾಂಡಲಿಗೆ ಹಣೆ ಒತ್ತಿದಳು. ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಯಾರಾದರೂ ಏನಾದರೂ ತಮಾಷೆ ಮಾಡುತ್ತಾರೆಂದು ಕಾದಳು.

ತಲೆ ಎತ್ತಿದಳು. ರೋಲಂಡನ ಮುಖ ಬೀಟ್‌ರೂಟಿನಂತಾಗಿತ್ತು. ಬಾಯಿ ತೆರೆದು ಉಸಿರೆಳೆಯುತ್ತ ಅವನು ಪಶ್ಚಿಮದ ಕಡೆ ನೋಡುತ್ತಿದ್ದ. ಪೆಟ್ಟಿಗೆ ಹಿಡಿದ ಆರು ಜನವೂ ಅತ್ತಲೇ.

"ಏನು ನೋಡ್ತಿದೀರ?"

"ಸಮುದ್ರ," ಅಂದ ರೋಲಂಡ್, ಇದೇನು ಕೇಳುತ್ತೀಯೆಂಬಂತೆ. "ಬಿಡೋ ಮುಂಚೆ ಕ್ಲೆಮ್ ಹೇಳಿಕಳಿಸ್ತಿದ್ನಲ್ಲ. ಗೆರೆ ದಾಟಿದ್ಮೇಲೆ ತಲೆ ತಗ್ಗಿಸ್ಬೇಡ, ಎತ್ತಿ ನೋಡು, ಗ್ಲೆಂಡಾಗೆ ಕಂಡಿದೆ ಅಂತ."

"ನಿಂಗೆ ಯಾವತ್ತಾದ್ರೂ ಕಂಡಿದ್ಯಾ?"

"ಎಲ್ಲಿ. ಆದ್ರೂ ನೋಡದೆ ಇಳಿದಿಲ್ಲಪ್ಪ."

"ಓಹೋ, ಅದಕ್ಕಾ!" ಅಂದ ನೆವಿಲ್. "ಪ್ರತಿಯೊಬ್ಬರೂ ಹತ್ತಿ ಬಂದು ನನ್ನ ಹೆಗಲಾಚೆ ಏನೋ ನೋಡ್ತಿದ್ರಿ."

ನಲವತ್ತು ವರ್ಷದಲ್ಲಿ ಮೊದಲ ಸಲ ಅವನು ಗೆರೆಗೆ ಬೆನ್ನು ಮಾಡಿ ತಿರುಗಿದ. ಹುಲ್ಲುಗಾವಲಿನಾಚೆ ಬೂದು ಮೋಡ, ಅದರಾಚೆ ಆ ಇನ್ನೊಂದು ಬೆಟ್ಟ. ಗ್ಲೆಂಡಾ ಕೂಡ ಕಣ್ಣು ಕಿರಿದು ಮಾಡಿ ನೋಡಿದಳು. ನಿಲ್ಲಿಸಲು ಮರೆತ ಗಡಿಯಾರ ನೆವಿಲ್‌ನ ಕೈಯಲ್ಲಿ ಓಡುತ್ತಲೇ ಇತ್ತು.