ಕಡ್ಡಿಯ ಇನ್ನೊಂದು ತುದಿ

ನವೆಂಬರ್ 29, ಶುಕ್ರವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹವಾಮಾನ ಕೇಂದ್ರದ ವೀಕ್ಷಕಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದು ಹಿಂದಿನ ದಿನ ಸಂಜೆ. ಈಗ ಅಡುಗೆಮನೆಯ ಮೇಜಿನ ಮೇಲೆ ದಾಖಲೆ ಪುಸ್ತಕ ತೆರೆದುಕೊಂಡು ಕೂತಿದ್ದಳು. ಹೊಟ್ಟೆಯ ಹೊಲಿಗೆ ಇನ್ನೂ ಜಗ್ಗುತ್ತಿತ್ತು. ಅಪೆಂಡಿಕ್ಸ್ ಒಡೆದು ಹಾಸಿಗೆ ಹಿಡಿದ ಹನ್ನೊಂದು ದಿನವೂ ಬೀದಿಯ ಕೊನೆಯ ಬೇಲಿಯೊಳಗಿನ ಉಷ್ಣಮಾಪಕಗಳನ್ನು ಓದಿ, ಪುಸ್ತಕದಲ್ಲಿ ಬರೆದು, ಮುಖ್ಯ ಕಚೇರಿಗೆ ಫೋನಿನಲ್ಲಿ ತಿಳಿಸಿದವನು ಅವಳ ಗಂಡ. ಅವನು ದರ್ಜಿ.

ಅವಳ ಹದಿನೆಂಟು ವರ್ಷಗಳ ಸೇವೆಯಲ್ಲಿ ಆ ಪುಸ್ತಕಗಳಲ್ಲಿ ಒಂದು ಸಾಲೂ ಖಾಲಿ ಬಿದ್ದಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಗಂಡನ ತೋಳು ಹಿಡಿದು, 'ಎಂಟೂವರೆಗೆ ಓದ್ಬೇಕು, ಕಡ್ಡಿಯ ತುದಿ ನೋಡಿ ಬರೀರಿ' ಎಂದಿದ್ದಳು. ಯಾವ ತುದಿ ಎಂದು ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.

ಕನಿಷ್ಠ ಉಷ್ಣಮಾಪಕದ ಕೊಳವೆಯೊಳಗೆ ಸಣ್ಣದೊಂದು ಕಪ್ಪು ಗಾಜಿನ ಕಡ್ಡಿ ಇರುತ್ತದೆ. ಚಳಿ ಏರಿದಂತೆ ಒಳಗಿನ ದ್ರವ ಹಿಂದೆ ಸರಿದು ಕಡ್ಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲು ಬಂದಾಗ ದ್ರವ ಮುಂದಕ್ಕೆ ಹರಿದರೂ ಕಡ್ಡಿ ಅಲ್ಲೇ ಉಳಿಯುತ್ತದೆ. ದ್ರವ ತುಂಬಿದ ಬುಡದ ಗುಂಡಿನಿಂದ ದೂರ ಇರುವ ತುದಿ ರಾತ್ರಿಯ ಕನಿಷ್ಠವನ್ನು ತೋರಿಸುತ್ತದೆ. ಓದಿದ ಮೇಲೆ ಕೊಳವೆ ಓರೆ ಮಾಡಿ ಕಡ್ಡಿಯನ್ನು ದ್ರವದ ಅಂಚಿಗೆ ತಂದರೆ, ಅದೇ ತುದಿ ಪಕ್ಕದ ಸಾಮಾನ್ಯ ಉಷ್ಣಮಾಪಕಕ್ಕೆ ಹೊಂದಬೇಕು. ಎರಡಕ್ಕೂ ಪುಸ್ತಕದಲ್ಲಿ ಅಂಕಣವಿದೆ. ಹನ್ನೊಂದು ಸಾಲಿನಲ್ಲಿ ಒಂದೂ ಹೊಂದಿರಲಿಲ್ಲ.

"ರೀ, ಸ್ವಲ್ಪ ಬನ್ನಿ ಇಲ್ಲಿ."

ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ.

"ಕಡ್ಡಿಯ ಯಾವ ತುದಿ ಓದಿದ್ರಿ?"

"ಗುಂಡಿನ ಕಡೇದು. ಯಾಕೆ? ಬಟ್ಟೇನ ಯಾರಾದ್ರೂ ಕೊನೆಯಿಂದ ಹಿಡೀತಾರಾ? ಶುರುವಿಂದ ತಾನೇ."

"ಇನ್ನೊಂದು ತುದಿ ಓದ್ಬೇಕಿತ್ತು."

ಅವನು ಕುರ್ಚಿ ಎಳೆದುಕೊಂಡು ಕೂತ. "ಎಲ್ಲಾ ದಿನಾನೂ ತಪ್ಪಾ?"

"ಎಲ್ಲಾ ದಿನಾನೂ."

ಒಲೆಯ ಮುಂದಿದ್ದ ಅತ್ತೆ ಬಾಯಿ ಹಾಕಿದರು. "ನಾನು ಅವತ್ತೇ ಅಂದೆ ಕಣೇ. ಸೆಕೆಗೆ ಮೈಮೇಲೆ ಸ್ವೆಟರ್ ನಿಲ್ತಿಲ್ಲ, ಇವನು ನಾಲ್ಕೂವರೆ ಡಿಗ್ರಿ ಅಂತಾನೆ. ನನ್ನ ಮಂಡಿ ನೋಯದೆ ಚಳಿಗಾಲ ಬಂದಿದ್ದುಂಟಾ?"

"ನಿನ್ನ ಮಂಡೀನ ಕಚೇರಿಗೆ ಫೋನ್ ಮಾಡಿ ಹೇಳೋಕಾಗುತ್ತೇನಮ್ಮ?"

ವಿಷಯ ಅಷ್ಟಕ್ಕೇ ನಿಲ್ಲುವಂತಿರಲಿಲ್ಲ. ಉಷ್ಣಾಂಶ ಐದು ಡಿಗ್ರಿಗಿಂತ ಕೆಳಗಿಳಿದ ದಿನದಿಂದ ನಗರಸಭೆಯ ಲೆಕ್ಕದಲ್ಲಿ ಚಳಿಗಾಲ. ಇಪ್ಪತ್ತನೇ ತಾರೀಖು ದರ್ಜಿ 4.5 ಎಂದು ಹೇಳಿದ್ದೇ ತಡ, ಶಾಲೆಗಳು ಒಂದು ಗಂಟೆ ತಡವಾಗಿ ತೆರೆಯತೊಡಗಿದ್ದವು. ಊರಿಗೆ ಊರೇ ಟ್ರಂಕಿನಿಂದ ಕಂಬಳಿ ತೆಗೆದಿತ್ತು. ತರಬೇತಿ ಇಲ್ಲದವರು ಉಪಕರಣ ಮುಟ್ಟಬಾರದೆಂಬ ನಿಯಮ ಬೇರೆ; ಫೋನ್ ಮಾಡುತ್ತಿದ್ದವನು ಸಹಾಯಕನಿರಬೇಕು ಎಂದು ಕಚೇರಿ ನಂಬಿತ್ತು.

"ನಿನ್ನ ಕೆಲಸಕ್ಕೆ ಕುತ್ತು ಬರುತ್ತಾ?" ದರ್ಜಿ ಕೇಳಿದ.

"ಬರಬಹುದು."

"ಅವನನ್ನ ಬೈಬೇಡ ಕಣೇ," ಎಂದರು ಅತ್ತೆ, ಈಗ ದನಿ ತಗ್ಗಿಸಿ. "ಒಂದಿನ ಗಿರಾಕಿಗೆ ಅರ್ಧ ಹೊಲಿದ ಕೋಟು ತೊಡಿಸಿ, ಕನ್ನಡಿ ಮುಂದೆ ನಿಲ್ಲಿಸಿ, ಎಂಟೂವರೆ ಆಯ್ತು ಅಂತ ಓಡಿಹೋದ. ಪಾಪ, ಆ ಮನುಷ್ಯ ಮೈತುಂಬ ಗುಂಡುಸೂಜಿ ಚುಚ್ಚಿಕೊಂಡು ಇಪ್ಪತ್ತು ನಿಮಿಷ ಮಿಸುಕದೆ ನಿಂತಿದ್ದ."

ವೀಕ್ಷಕಿ ಬೈಯಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಪ್ರತಿ ಸಾಲಿನಲ್ಲೂ ಆ ಎರಡು ಅಂಕಣಗಳ ನಡುವಿನ ವ್ಯತ್ಯಾಸ ಬರೆದಳು. ಒಂಬತ್ತು ಕಡೆ 3.6, ಎರಡು ಕಡೆ 3.5. ದಿನಕ್ಕೊಂದು ರೀತಿಯ ತಪ್ಪಾಗಿದ್ದರೆ ಸಾಲುಗಳನ್ನು ಹೊಡೆದುಹಾಕದೆ ಬೇರೆ ದಾರಿ ಇರಲಿಲ್ಲ. ಒಂದೇ ಸಮನಾದ ತಪ್ಪನ್ನು ತಿದ್ದಬಹುದು. ಮನೆಯಲ್ಲೇ ಕೂತು ಅಂದಾಜಿನಲ್ಲಿ ಗೀಚಿದವನಿಗೆ ಇಂಥ ಅಂಕಣ ಬರೆಯಲಾಗದು. ಪ್ರತಿದಿನ ಹೋಗಿ, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದವನಿಗೆ ಮಾತ್ರ ಅದು ಸಾಧ್ಯ. ಆ ಅಂಕಣವನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಮುಖ್ಯ ಕಚೇರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಓದಿದ್ದು ಯಾರು ಮೇಡಂ?" ಅಧಿಕಾರಿ ಕೇಳಿದರು.

"ನನ್ನ ಗಂಡ. ಯಾವ ತುದಿ ಅಂತ ನಾನು ಹೇಳಿರ್ಲಿಲ್ಲ. ಆ ತಪ್ಪು ನಂದು."

"ಊರಿನ ಮಕ್ಕಳೆಲ್ಲ ನಿಮ್ಮ ಯಜಮಾನರಿಗೆ ಋಣಿಗಳು ಬಿಡಿ." ಅವರ ದನಿಯಲ್ಲಿ ನಗು ಇರಲಿಲ್ಲ. "ಹನ್ನೊಂದು ಸಾಲೂ ಹೊಡೆದುಹಾಕಿ."

"3.6 ಕೂಡಿಸಿ ತಿದ್ದುಪಡಿ ಕಳಿಸ್ತೀನಿ ಸರ್."

"ಅವರು ದಿನಾ ಒಂದೇ ಥರ ಓದಿದ್ರು ಅಂತ ಏನು ಗ್ಯಾರಂಟಿ?"

"ಇವತ್ತು ಎಂಟೂವರೆಗೆ ಇಬ್ಬರೂ ಬೇರೆ ಬೇರೆಯಾಗಿ ಓದ್ತೀವಿ. ಅವರು ಅವರ ತುದಿ, ನಾನು ನನ್ನ ತುದಿ. ಅಷ್ಟೇ ವ್ಯತ್ಯಾಸ ಬರ್ಬೇಕು."

"ಬಂದ್ರೆ ಸಾಲು ಉಳೀತಾವೆ. ನಿಮಗೆ ನೋಟಿಸ್ ಅಂತೂ ತಪ್ಪಿದ್ದಲ್ಲ."

ಎಂಟು ಗಂಟೆ ಹದಿನೈದಕ್ಕೆ ಗಂಡ ಹೆಂಡತಿ ದಾಖಲೆ ಪುಸ್ತಕ ಹಿಡಿದು ಹೊರಟರು. ಅತ್ತೆ ಬಾಗಿಲಲ್ಲಿ ತಡೆದು ತಮ್ಮ ಶಾಲನ್ನು ಸೊಸೆಯ ಹೆಗಲಿಗೆ ಹೊದಿಸಿದರು. ಬೀದಿಯಲ್ಲಿ ನಿಂತ ಕಾರುಗಳ ಗಾಜಿನ ಮೇಲೆ ಬಿಳಿ ಪದರ ಕಟ್ಟಿತ್ತು. ಮಾತಾಡಿದರೆ ಬಾಯಿಂದ ಆವಿ ಬರುತ್ತಿತ್ತು. ಹೊಲಿಗೆ ಜಗ್ಗಿದಾಗಲೆಲ್ಲ ಅವಳು ನಿಲ್ಲುತ್ತಿದ್ದಳು. ಅವಳು ಹೇಳದಿದ್ದರೂ ಅವನೂ ನಿಲ್ಲುತ್ತಿದ್ದ.

ಬೇಲಿಯೊಳಗಿನ ಪೆಟ್ಟಿಗೆಯ ಬಾಗಿಲು ತೆರೆದು ಮೊದಲು ಅವನು ಓದಿದ. ಅಳತೆ ಚೀಟಿಯೊಂದರ ಹಿಂದೆ ಬರೆದು, ಪರೀಕ್ಷೆಯಲ್ಲಿ ಕೂತವನಂತೆ ಅಂಗೈಯಿಂದ ಮರೆ ಮಾಡಿಕೊಂಡ. ಆಮೇಲೆ ಅವಳು ಓದಿದಳು.

"ತೋರಿಸಿ."

ಚೀಟಿಯಲ್ಲಿ 1.2 ಎಂದಿತ್ತು. ಅವಳು ತನ್ನ ಓದಿನಿಂದ ಅದನ್ನು ಕಳೆದಳು. 3.6.

"ಸಾಲು ಉಳೀತು," ಎಂದಳು.

"ಮತ್ತೆ ನೋಟಿಸು?"

"ಅದಕ್ಕೆ ಉತ್ತರ ನಾನು ಬರೀತೀನಿ. ನೀವು ಕೋಟು ಮುಗಿಸಿ."

ಅಲ್ಲೇ ನಿಂತು ಅವಳು ಹನ್ನೊಂದು ಸಾಲನ್ನೂ ಕೆಂಪು ಶಾಯಿಯಲ್ಲಿ ತಿದ್ದಿದಳು. ತಿದ್ದಿದ ಮೇಲೆ ಒಂದೂ ಐದರ ಕೆಳಗೆ ಉಳಿಯಲಿಲ್ಲ. ಮಂಜು, ಗಾಳಿ, ಮೋಡದ ಸಂಗತಿಗಳಿಗೆ ಮೀಸಲಾದ ಷರಾ ಅಂಕಣದಲ್ಲಿ ಹೀಗೆ ಬರೆದಳು: '18ರಿಂದ 28ರವರೆಗೆ ಓದಿದವರು ವೀಕ್ಷಕಿಯ ಗಂಡ. ಒಂದು ದಿನವೂ ತಪ್ಪಿಸಿಲ್ಲ.' ದರ್ಜಿ ಅವಳ ಭುಜದ ಮೇಲಿಂದ ಅದನ್ನು ಓದಿದ. ಪೆಟ್ಟಿಗೆಯ ಬಾಗಿಲು ಮುಚ್ಚಿ ಚಿಲಕ ಹಾಕಿದ.

ಆಮೇಲೆ ಅವಳು ಆ ದಿನದ ಸಾಲು ತುಂಬಿದಳು. ಕನಿಷ್ಠ ಉಷ್ಣಾಂಶ 4.8 ಡಿಗ್ರಿ.