ಅಂಬಾದಾಸರ ಬಾಯಿಬೀಗ

ಅಂಬಾದಾಸರು ಸುಳ್ಳು ಹೇಳುವ ಮುನ್ನ ಕನ್ನಡಕ ತೆಗೆದು ಒರೆಸುತ್ತಿದ್ದರು. ಸುಳ್ಳು ಅವರಿಗೆ ಒಗ್ಗಿದ ವಿದ್ಯೆಯಲ್ಲ. ಆದರೆ ಕಪ್ಪುಹಣವನ್ನು ಬಿಳಿ ಮಾಡುವವರನ್ನು ಹಿಡಿಯಲು ಹತ್ತಾರು ದೇಶಗಳು ಕೂಡಿ ಕಟ್ಟಿದ ನಿಯಮಗಳು ಹೈದರಾಬಾದಿನ ಅವರ ಬ್ಯಾಂಕಿಗೂ ಬಂದಮೇಲೆ, ಸಂಶಯಾಸ್ಪದ ಖಾತೆಗಳನ್ನು ಮೇಲಕ್ಕೆ ವರದಿ ಮಾಡುವ ಕೆಲಸ ಅವರ ಕೊರಳಿಗೇ ಬಿತ್ತು; ಜೊತೆಗೆ, ವರದಿಯ ಸುಳಿವನ್ನು ಖಾತೆದಾರನಿಗೆ ಕೊಡುವುದೇ ಅಪರಾಧವೆಂಬ ಕಟ್ಟಳೆಯೂ. ಬೇಸಿಗೆಯಲ್ಲೂ ಬಿಚ್ಚದ ಬೂದುಬಣ್ಣದ ಕೋಟು ತೊಟ್ಟು, ಸಂಜೆ ಮೆಹದಿಪಟ್ಟಣದಲ್ಲಿ ಬಸ್ಸಿಳಿದು ಒಂದು ಭುಜ ಜೋತುಬಿಟ್ಟು ನಡೆಯುತ್ತಿದ್ದ ಅವರನ್ನು ಕಂಡರೆ, ಈ ಮನುಷ್ಯನದು ನಿದ್ದೆಯಿಂದ ಹೋಗುವ ದಣಿವಲ್ಲ ಎನಿಸುತ್ತಿತ್ತು.

ಹುಸೇನಪ್ಪ ಅವರ ಸೀಮೆಯವನೇ, ಯಾದಗಿರಿ ಕಡೆಯ ಮೇಸ್ತ್ರಿ. ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಕಾಂಕ್ರೀಟು ಹಾಕುವ ಗುಂಪಿನ ಯಜಮಾನ. ಖಾತೆ ತೆರೆಯಲು ಕಾಗದಪತ್ರವಿಲ್ಲದ ಕೂಲಿಯವರೆಲ್ಲ ಪಗಾರದಲ್ಲಿ ಉಳಿದದ್ದನ್ನು ಅವನ ಖಾತೆಗೇ ಕಟ್ಟಿ, ಮೊಹರಮ್ಮಿಗೆ ಊರಿಗೆ ಹೊರಡುವಾಗ ಹಂಚಿಕೊಳ್ಳುವುದು ರೂಢಿ. ಹಲವರಿಂದ ಚೂರುಚೂರಾಗಿ ಬಂದು ಒಮ್ಮೆಲೇ ಹೊರಬೀಳುವ ಹಣವೆಂದರೆ ನಿಯಮದ ಕಣ್ಣಿಗೆ ಅಪ್ಪಟ ಕಳ್ಳಲಕ್ಷಣ. ಇದು ಕೂಲಿಯವರ ಬೆವರೆಂದು ಅಂಬಾದಾಸರು ವರದಿಯಲ್ಲೇ ಬರೆದರು, ಆದರೆ ಕಳಿಸದಿರಲಾಗಲಿಲ್ಲ. ರೂಢಿ ಪುರಾವೆಯಾಗದೆಂದ ಮೇಲಿನವರು ಖಾತೆಯನ್ನೇ ತಡೆದರು.

ಮೊಹರಂ ಹತ್ತಿರವಾದಂತೆ ಹುಸೇನಪ್ಪ ಮನೆಗೇ ಬಂದ.

"ಸಾಹೇಬ್ರ, ರೊಕ್ಕ ಬ್ಯಾಂಕಿನ್ಯಾಗ ಐತಿ ಅಂದ್ರ ಮಂದಿ ನಂಬವಲ್ರು. ನಾನೇ ತಿಂದೀನಿ ಅನ್ನಾಕತ್ತಾರ್ರಿ. ಯಾಕ ನಿಂತೈತಿ ಅಂತ ಒಂದ್ ಮಾತು ಹೇಳ್ರಿ, ಸಾಕು."

ಆ ಒಂದು ಮಾತಿನಲ್ಲಿ ಅವನ ಮಾನವಿತ್ತು. ಅಂಬಾದಾಸರು ಕನ್ನಡಕ ತೆಗೆದರು.

"ಕಂಪ್ಯೂಟರ್ ಕೆಟ್ಟೈತಪ್ಪ. ನೋಡೂಣು."

ಮತ್ತೊಮ್ಮೆ ಬಂದಾಗ ಅವನ ಹುಬ್ಬಿನ ಮೇಲೆ ಗಾಯವಿತ್ತು. ಯಾರು ಹೊಡೆದರೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ. ಹೆಂಡತಿ ಉಮಾಬಾಯಿ ತಂದಿಟ್ಟ ಚಹಾ ಕುಡಿದು ಏಳುತ್ತ ಅವನೇ ಅವರನ್ನು ಸಮಾಧಾನಪಡಿಸಿದ:

"ನೀವ್ಯಾಕ ಮಾರಿ ಸಣ್ಣ ಮಾಡ್ಕೋತೀರಿ? ನಿಮಗ ಗೊತ್ತಿದ್ರ ನನಗ ಹೇಳ್ತಿರಲಿಲ್ಲೇನು?"

ಮೊಹರಂ ಕಳೆದ ಮೇಲೆ, ತಪ್ಪಾಯಿತೆಂಬ ಒಂದಕ್ಷರವೂ ಇಲ್ಲದೆ ಖಾತೆ ಬಿಡುಗಡೆಯಾಯಿತು. ಹುಸೇನಪ್ಪ ಎಲ್ಲರ ಪಾಲನ್ನೂ ಹಂಚಿದ. ಪಾಲು ತೆಗೆದುಕೊಂಡ ಗುಂಪು ಅವನನ್ನು ಬಿಟ್ಟು ಬೇರೆ ಮೇಸ್ತ್ರಿಯ ಬೆನ್ನುಹತ್ತಿತು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ, ಇಲ್ಲಿ ಇಲಿಯೂ ಇರಲಿಲ್ಲ.

ದೂರದೇಶದಲ್ಲಿ ಹುಟ್ಟಿದ ಕಟ್ಟಳೆಗಳನ್ನು ಕೊನೆಗೆ ಜಾರಿ ಮಾಡುವವರು ಇಂಥ ಸಾಧುಪ್ರಾಣಿಗಳೇ. ತಪ್ಪು ಮಾಡಲಿಲ್ಲವೆಂದು ಕಾನೂನು ಅವರಿಗೆ ಸರ್ಟಿಫಿಕೇಟು ಕೊಡುತ್ತದೆ, ಅವರೂ ಅದನ್ನು ಅಲ್ಲಗಳೆಯುವುದಿಲ್ಲ. ಬೈದು ಹೋದವರನ್ನು ಅವರು ಹೇಗೋ ಮರೆಯುತ್ತಾರೆ. ನಂಬಿ ಹೋದವರನ್ನು ಮರೆಯುವುದು ಮಾತ್ರ ಅವರಿಂದಾಗುವುದಿಲ್ಲ.