ಎಡಗೈ ಗಂಟು

ಕ್ಸಾವರ್ ಎಡಗೈಯಲ್ಲಿ ಬಿಗಿದಿದ್ದ ಚೀಲದ ಗಂಟು ಐಗ್ನರ್‌ಗೆ ಜಗ್ಗಲಿಲ್ಲ.

"ಅವನ ಗಂಟು ಹೆತ್ತ ನನಗೇ ಬಿಚ್ಚಕ್ಕೆ ಬರಲ್ಲ, ನಿಮಗೆಲ್ಲಿ!" ಎಂದಳು ಮುದುಕಿ ಸೆಂಜಿ. ಕ್ಸಾವರನ ಹೆಂಡತಿ ವಾಲ್ಬುರ್ಗಾ ಮುಂದೆ ಬಂದು, ತುದಿ ಹುಡುಕಿ, ಒಂದೇ ಎಳೆತಕ್ಕೆ ಬಿಚ್ಚಿದಳು.

ಅಟ್ಟದ ತುಂಬ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿಯ ಒಣಗಿದ ಹೂವಿನ ಘಾಟು. ಬಿಯರ್ ಭಟ್ಟಿಯ ಪರವಾಗಿ ಕೊಳ್ಳಲು ಬಂದಿದ್ದ ಐಗ್ನರ್, ಮೊದಲು ಸೆಂಜಿಯ ಹೊಸ ತಳಿಯ ಹೂಗಳನ್ನು ಅಂಗೈಯಲ್ಲಿ ತಿಕ್ಕಿ ಮೂಸಿದ.

"ಕಹಿ ಜೋರಾಗಿದೆ. ವಾಸನೆ ಮಾತ್ರ ಬೆಳ್ಳುಳ್ಳೀದು."

ಕೈ ಒರೆಸಿಕೊಂಡು ಸೊಸೆಯ ಚೀಲಕ್ಕೆ ಕೈ ಹಾಕಿದ. ಇದು ಹಳೆಯ ತಳಿ. ಮದುವೆಯಾಗಿ ಬರುವಾಗ ಅಮ್ಮನ ತೋಟದ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ಕಾಡಿನಾಚೆಯ ತುಂಡು ನೆಲದಲ್ಲಿ ವಾಲ್ಬುರ್ಗಾ ಬೆಳೆಸಿದ್ದು. ಐಗ್ನರ್ ಒಪ್ಪಿದರೆ ಉಳಿಯಬೇಕು, ಇಲ್ಲವಾದರೆ ಬುಡಸಮೇತ ಕಿತ್ತು ಹೊಸ ತಳಿ ನೆಡಬೇಕು. ಅತ್ತೆ ಹಾಗೆಂದು ಮೊದಲೇ ಹೇಳಿಬಿಟ್ಟಿದ್ದಳು.

ಐಗ್ನರ್ ಕಣ್ಣು ಮುಚ್ಚಿದ. "ಆಹಾ... ಆಗಷ್ಟೇ ಕೊಯ್ದ ಹುಲ್ಲು. ಹಿಂದೇನೇ ಎಲ್ಲೋ ನಿಂಬೆ ಸಿಪ್ಪೆ. ಎಲ್ಲಿ ಬಚ್ಚಿಟ್ಟಿದ್ದೆಯಮ್ಮಾ ಇದನ್ನ?"

ವಾಲ್ಬುರ್ಗಾಳ ಕಿವಿ ಕೆಂಪಾಯಿತು. ಅವನು ಅಂಗೈ ಬಿಡಿಸಿದ. ಹಳದಿ ಹುಡಿಯ ನಡುವೆ ಕಂದು ಕಾಳುಗಳು.

"ಬೀಜ ಕಟ್ಟಿದೆಯಲ್ಲ! ಹತ್ತಿರದಲ್ಲೆಲ್ಲೋ ಗಂಡು ಬಳ್ಳಿ ಇದೆ ಕಣಮ್ಮ. ಬೇಡ, ಭಟ್ಟಿಯವರು ಇದನ್ನ ಮುಟ್ಟಲ್ಲ."

ಏಳು ಸುತ್ತಿನ ಕೋಟೆಯೊಳಗಿನ ರಾಜಕುಮಾರಿಯರ ಹಾಗೆ ಹಾಲರ್ಟಾವ್ ಸೀಮೆಯ ತೋಟಗಳಲ್ಲೆಲ್ಲ ಬರೀ ಹೆಣ್ಣು ಬಳ್ಳಿಗಳು. ಗಂಡು ಕಂಡರೆ ಕಂಡಲ್ಲೇ ಕಿತ್ತೆಸೆಯುವುದು ಅಲ್ಲಿಯ ಕಟ್ಟಳೆ.

ಸೆಂಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ವರ್ಷಕ್ಕೆ ಇವಳ ಕಡೆಯಿಂದ ಏನೋ ಒಂದು ಬೀಜ ಕಟ್ತಪ್ಪ! ತೊಟ್ಟಿಲು ಇಳಿಸ್ಲೇನೋ, ಕ್ಸಾವರ್?"

ಐಗ್ನರನಿಗೂ ನಗು ಬಂತು. ಕಿಟಕಿಯಾಚೆ ನೋಡುತ್ತಿದ್ದ ಕ್ಸಾವರ್, "ಬಿಡಮ್ಮ, ಸಾಕು," ಎಂದ. ಅನ್ನುತ್ತ ಅವನೂ ನಕ್ಕ.

ಸಂಜೆ ವಾಲ್ಬುರ್ಗಾ ಕುಡುಗೋಲು ಹಿಡಿದು ಕಾಡು ದಾಟಿದಳು. ಬೇಲಿ, ಪೊದೆ, ಹಳ್ಳ ಎಲ್ಲ ಹುಡುಕಿದಳು. ಹಳ್ಳದ ದಡದ ಮರವೊಂದರ ಹಿಂಬದಿಗೆ, ತೋಟದಿಂದ ಕಾಣದ ಹಾಗೆ, ಅದು ಹಬ್ಬಿತ್ತು. ಹೂವುದುರಿದ ಗಂಡು ಬಳ್ಳಿ. ಯಾರೋ ಬುಡಕ್ಕೆ ಗೊಬ್ಬರ ಹಾಕಿದ್ದರು. ಗಾಳಿಗೆ ಜಾರಬಾರದೆಂದು ಗೇಣುಗೇಣಿಗೂ ಹುರಿ ಸುತ್ತಿ ಕಾಂಡಕ್ಕೆ ಬಿಗಿದಿದ್ದರು.

ಕುಡುಗೋಲು ಎತ್ತಿದವಳು ಮೊದಲ ಗಂಟಿನ ಮುಂದೆ ನಿಂತುಬಿಟ್ಟಳು.

ಕುಡುಗೋಲು ಕೆಳಗಿಟ್ಟಳು. ಬೆರಳುಗಳು ತಾವಾಗಿ ತುದಿ ಹುಡುಕಿ ಎಳೆದವು. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.